ಒಂಬತ್ತು ಗಂಟೆಯ ರಂಗಣ್ಣ

ರಾತ್ರಿ ಒಂಬತ್ತಕ್ಕೆ ನಮ್ಮನೇಲಿ ಯಾರೂ ಮಾತಾಡಂಗಿಲ್ಲ. ಅದು ಅವ್ವನ ಕಾನೂನು. ಎಂಟೂ ಮುಕ್ಕಾಲಿಗೆ ಊಟ ಮುಗೀಬೇಕು, ಪಾತ್ರೆ ಸದ್ದು ನಿಲ್ಲಬೇಕು, ಮೊಮ್ಮಕ್ಕಳು ಒಳಕೋಣೆ ಸೇರಬೇಕು. ಮಳೆಗಾಲದಲ್ಲಿ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋದ್ರೆ ಬೈಗುಳ ಎಲ್ಲಾ ಕೆಇಬಿಯೋರಿಗೆ. "ರಂಗಣ್ಣ ಬಂದ, ಸುಮ್ನಿರ್ರೋ" ಅಂತ ಅವ್ವ ಅಂದದ್ದನ್ನು ಹೊಸಬರು ಕೇಳಿದ್ರೆ, ಹಾನಗಲ್ ಕಡೆಯಿಂದ ದೊಡ್ಡಪ್ಪನ ಮಗನೇ ಬಂದನೇನೋ ಅಂದ್ಕೋಬೇಕು. ಬರೋದು ಪಬ್ಲಿಕ್ ಟಿವಿಯ ಎಚ್.ಆರ್. ರಂಗನಾಥ್. ಬಿಗ್ ಬುಲೆಟಿನ್.

ಅಣ್ಣ ಅನ್ನೋ ಈ ಸಂಬಂಧದ ಬಗ್ಗೆ ಬಹಳ ದಿನದಿಂದ ಬರೀಬೇಕು ಅಂತಿದ್ದೆ. ಟಿವಿ ನಿರೂಪಕರನ್ನು ಬೈಯೋ ಲೇಖನಗಳಿಗೆ ಕಡಿಮೆ ಇಲ್ಲ. ಬೈಯೋದು ಸುಲಭ, ಬೈದ ಮೇಲೆ ಅದೇ ಚಾನೆಲ್ ನೋಡೋದು ಇನ್ನೂ ಸುಲಭ. ನನಗೆ ಕಾಡೋ ಪ್ರಶ್ನೆ ಬೇರೆ. ಮನೆಯವನೇ ಆಗಿಬಿಟ್ಟ ಸುದ್ದಿಗಾರ ತಪ್ಪು ಹೇಳಿದಾಗ ಅದನ್ನು ತಿದ್ದೋರು ಯಾರು? ತಿದ್ದಿದ್ದು ನಮಗೆ ತಲುಪೋದು ಹೇಗೆ?

ಮೊದಲು ನಮ್ಮೂರಿಗೆ ಈ ಚಟ ಹತ್ತಿದ ಕತೆ ಹೇಳ್ತೀನಿ. ಟಿವಿ9 ಕನ್ನಡ ಶುರುವಾಗಿದ್ದು 2006ರ ಡಿಸೆಂಬರ್‌ನಲ್ಲಿ. ಇಪ್ಪತ್ನಾಲ್ಕು ಗಂಟೆ ಸುದ್ದಿ ಅಂದ್ರೆ ಏನಪ್ಪಾ ತೋರಿಸ್ತಾರೆ ಅಂತ ನಾವೆಲ್ಲ ನಕ್ಕಿದ್ವಿ. ಒಂದು ವರ್ಷ ಕಳೆಯೋದ್ರೊಳಗೆ, 2007ರ ನವೆಂಬರ್‌ನಲ್ಲಿ, ನಮ್ಮ ಶಿಕಾರಿಪುರದ ಎಂಎಲ್ಎ ಯಡಿಯೂರಪ್ಪನೋರು ಏಳು ದಿನದ ಮುಖ್ಯಮಂತ್ರಿಯಾದರು. ಆ ಏಳು ದಿನ ಶಿರಾಳಕೊಪ್ಪ ಬಸ್ ಸ್ಟ್ಯಾಂಡಿನ ಹೋಟೆಲ್‌ಗಳಲ್ಲಿ ಟಿವಿ ಆರಿಸಿದ್ದೇ ಇಲ್ಲ. 2008ರಲ್ಲಿ ಸುವರ್ಣ ನ್ಯೂಸ್ ಬಂತು, ಅದೇ ವರ್ಷ ಯಡಿಯೂರಪ್ಪನೋರು ಮತ್ತೆ ಬಂದರು. ಆಮೇಲೆ ರೆಸಾರ್ಟು, ಭಿನ್ನಮತ, ರಾಜೀನಾಮೆ, ಕಣ್ಣೀರು. ನಮ್ಮ ತಾಲೂಕಿನೋರಿಗೆ ನ್ಯೂಸ್ ಚಾನೆಲ್ ಅಂದ್ರೆ ನಮ್ಮನೆ ಸಮಾಚಾರ. ಮೆಕ್ಕೆಜೋಳ, ಶುಂಠಿ ರೇಟು ಕೇಳೋಕೆ ಕೂತೋರು ಕೊನೆಗೆ ಸಂಪುಟ ವಿಸ್ತರಣೆ ಪಟ್ಟಿ ಬಾಯಿಪಾಠ ಮಾಡ್ಕೊಂಡು ಏಳೋರು.

ರಂಗನಾಥ್ ಈ ಟಿವಿ ಕಾಲದ ಮನುಷ್ಯ ಅಲ್ಲ, ಮೂಲದಲ್ಲಿ ಪತ್ರಿಕೆಯವರು. ಕನ್ನಡಪ್ರಭದ ಸಂಪಾದಕರಾಗಿದ್ದವರು. ಆಮೇಲೆ ಸುವರ್ಣ ನ್ಯೂಸ್‌ನಲ್ಲಿ ಕೂತರು. ಅಲ್ಲಿಂದ ಹೊರಬಂದು 2012ರ ಫೆಬ್ರುವರಿಯಲ್ಲಿ ಪಬ್ಲಿಕ್ ಟಿವಿ ಕಟ್ಟಿದರು. ಯಾರ ಆಸ್ತಿಯೂ ಅಲ್ಲ, ಇದು ನಿಮ್ಮ ಟಿವಿ ಅನ್ನೋದು ಅದರ ಘೋಷಣೆ. ಚಾನೆಲ್ ನಡೆಸೋ ಕಂಪನಿಯ ಹೆಸರು ರೈಟ್‌ಮೆನ್ ಮೀಡಿಯಾ. ಬರೆಯುವವರ ಕಂಪನಿ! ರಾಜಕಾರಣಿಗಳೂ ಉದ್ಯಮಿಗಳೂ ಚಾನೆಲ್ ಇಟ್ಕೊಂಡಿದ್ದ ಕಾಲದಲ್ಲಿ ಒಬ್ಬ ಪತ್ರಕರ್ತ ತನ್ನದೇ ಅಂತ ಒಂದು ಚಾನೆಲ್ ಮಾಡಿ ಇಷ್ಟು ವರ್ಷ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಇದನ್ನು ಒಪ್ಪಿಕೊಳ್ಳದೆ ಅವರ ಬಗ್ಗೆ ಬರೆದರೆ ಅದು ಹೊಟ್ಟೆಕಿಚ್ಚಿನ ಬರಹ ಆಗ್ತದೆ.

ಅವರ ಧಾಟಿಯನ್ನೂ ನೋಡಿ. ಹತ್ತು ಜನರನ್ನು ಡಬ್ಬಿಗಳಲ್ಲಿ ಕೂರಿಸಿ ಜಗಳ ಹಚ್ಚೋ ಅರ್ನಬ್ ಗೋಸ್ವಾಮಿ ಶೈಲಿ ಅವರದಲ್ಲ. ಅವರದು ಬಹುಮಟ್ಟಿಗೆ ಒಬ್ಬರ ಮಾತು. ಹಳೇ ಮೈಸೂರು ಕಡೆಯ ಹರಟೆಯ ಲಯ, ನಡುವೆ ಒಂದು ನಿಟ್ಟುಸಿರು, ಒಂದು ಕುಹಕ, ಒಂದು ಬೈಗುಳದ ಅಂಚಿಗೆ ಬಂದು ವಾಪಸ್ ಹೋಗೋದು. ಓದಿದ ಸುದ್ದಿಯನ್ನು ಪಕ್ಕದ ಮನೆಯವರಿಗೆ ಹೇಳೋ ಹಾಗೆ ಹೇಳ್ತಾರೆ. ಸಂಸತ್ತಿನ ಕಾಯ್ದೆ ಇರಲಿ, ಶೇರು ಮಾರುಕಟ್ಟೆ ಇರಲಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮವ್ವನಿಗೆ ಅರ್ಥ ಆಗ್ತದೆ. "ಉಳಿದೋರು ಓದ್ತಾರೆ, ಇವ ಹೇಳ್ತಾನ" ಅಂತಾಳೆ ಅವ್ವ. ಇದಕ್ಕಿಂತ ಚೆನ್ನಾದ ವಿಮರ್ಶೆ ನಾನು ಬರೆಯಲಾರೆ.

ಅದರ ಜೊತೆ ಬೆಳಕು ಕಾರ್ಯಕ್ರಮ. ದಾರಿ ಇಲ್ಲದ ಊರು, ಶಸ್ತ್ರಚಿಕಿತ್ಸೆಗೆ ದುಡ್ಡಿಲ್ಲದ ಮಗು, ಮನೆ ಬಿದ್ದ ಮುದುಕಿ, ಇಂಥೋರನ್ನು ಸ್ಟುಡಿಯೋಗೆ ಕರೆಸಿ, ಸಹಾಯ ಮಾಡೋರನ್ನು ಫೋನಲ್ಲಿ ಹಿಡಿದು ಕೊಡಿಸೋದು. ಕೊರೊನಾ ಕಾಲದಲ್ಲಿ ರೋಟರಿಯೋರ ಜೊತೆ ಸೇರಿ ಜ್ಞಾನದೀವಿಗೆ ಅಂತ ಸರ್ಕಾರಿ ಶಾಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯಾಬ್ ಹಂಚಿದರು. ಟೀಕೆ ಮಾಡೋರು ಇದನ್ನು ಪ್ರಚಾರ ಅಂತಾರೆ. ಪ್ರಚಾರವೋ ಏನೋ, ಟ್ಯಾಬ್ ಕೈಗೆ ಬಂದ ಹುಡುಗಿಗೆ ಅದು ಟ್ಯಾಬೇ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಕೊಡೋ ಕೈಗೆ ಎದುರು ಮಾತಾಡೋದು ನಮ್ಮ ಸಂಪ್ರದಾಯದಲ್ಲಿಲ್ಲ. ಮನೆಗೆ ದೀಪ ತಂದವನನ್ನು ನೀನು ನಿನ್ನೆ ಹೇಳಿದ್ದು ತಪ್ಪಂತಲ್ಲ ಅಂತ ಕೇಳೋಕೆ ಬಾಯಿ ಬರಲ್ಲ. ಅಣ್ಣ ಆಗಿಬಿಟ್ಟವನ ಅನುಕೂಲ ಅದು.

ಈಗ ನನ್ನ ಕಸುಬಿನ ಮಾತು. ಈಗ ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ಹುಡುಗನಾಗಿದ್ದಾಗ ಇದೇ ಊರಲ್ಲಿ ಪೇಪರ್ ಹಾಕ್ತಿದ್ದೆ. ಬೆಳಗಿನ ಜಾವ ಬಸ್ಸಿಂದ ಬಂಡಲ್ ಇಳಿಸಿ, ಪುರವಣಿ ತುಂಬಿಸಿ, ಸೈಕಲ್ ಮೇಲೆ ಹೊರಡೋದು. ಒಂದು ದಿನ ಒಂದು ಪತ್ರಿಕೆಯಲ್ಲಿ (ಯಾವುದು ಅಂತ ಬೇಡ) ಶ್ರದ್ಧಾಂಜಲಿ ಜಾಹೀರಾತಿನ ಫೋಟೋ ಅದಲುಬದಲಾಗಿತ್ತು. ಸತ್ತೋರು ಒಬ್ಬರು, ಫೋಟೋ ಇನ್ನೊಬ್ಬರದು. ಫೋಟೋದಲ್ಲಿದ್ದ ಯಜಮಾನರು ಏಳು ಗಂಟೆಗೆಲ್ಲ ನಮ್ಮ ಏಜೆಂಟರ ಮುಂದೆ ನಿಂತಿದ್ದರು, ಜೀವಂತವಾಗಿ, ಬಹಳ ಸಿಟ್ಟಲ್ಲಿ. "ಸೊರಬದಿಂದ ಬೀಗರು ಅಳ್ತಾ ಹೊಂಟಾರಂತೆ ಕಣಯ್ಯಾ, ಈಗ ನಾ ಏನು ಮಾಡ್ಲಿ?"

ಮೂರನೇ ದಿನ ಅದೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ಇಂಥವರ ಫೋಟೋ ತಪ್ಪಾಗಿ ಪ್ರಕಟವಾಗಿದೆ, ವಿಷಾದಿಸುತ್ತೇವೆ. ಯಜಮಾನರು ಅದನ್ನು ಕತ್ತರಿಸಿ ಅಂಗಿ ಜೇಬಲ್ಲಿ ಇಟ್ಕೊಂಡರು. ಕೇಳಿದೋರಿಗೆಲ್ಲ ತೆಗೆದು ತೋರಿಸೋರು. ನಾನು ಅಂಗಡಿ ಹಾಕಿ ಲ್ಯಾಮಿನೇಶನ್ ಮಷಿನ್ ತಂದಾಗ ಬಂದ ಮೊದಲ ಗಿರಾಕಿಗಳಲ್ಲಿ ಅವರೂ ಒಬ್ಬರು. ಆ ನಾಲ್ಕು ಸಾಲಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಹೋದರು. ಆಗ ನಕ್ಕಿದ್ದೆ. ಅಚ್ಚಾದ ತಿದ್ದುಪಡಿಯ ಬೆಲೆ ಏನು ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ಟಿವಿಯಲ್ಲಿ ಆ ನಾಲ್ಕು ಸಾಲಿಗೆ ಗೊತ್ತಾದ ಜಾಗ ಇಲ್ಲ. ಪತ್ರಿಕೆಗೆ ನಿನ್ನೆ ಅಂತ ಒಂದಿದೆ, ನಿನ್ನೆಯ ಪೇಪರ್ ಅಟ್ಟದ ಮೇಲೆ ಸಾಕ್ಷಿಯಾಗಿ ಕೂತಿರ್ತದೆ. ಟಿವಿಗೆ ಇರೋದು ಬರೀ ಈಗ. ಕೆಂಪು ಪಟ್ಟಿ ಹೋಗಿ ಇನ್ನೊಂದು ಕೆಂಪು ಪಟ್ಟಿ ಬರ್ತದೆ. ಪತ್ರಿಕೆಯಿಂದ ಟಿವಿಗೆ ಬಂದ ಸಂಪಾದಕರು ಅಲ್ಲಿಂದ ಬಹಳಷ್ಟನ್ನು ಹೊತ್ತು ತಂದರು. ಸಂಪಾದಕೀಯ ತಂದರು, ಅಂಕಣ ತಂದರು, ವ್ಯಂಗ್ಯ ತಂದರು. ತಿದ್ದುಪಡಿ ಕಾಲಂ ಮಾತ್ರ ಹಳೇ ಆಫೀಸಲ್ಲೇ ಬಿಟ್ಟು ಬಂದರು.

ಹೆಲಿಕಾಪ್ಟರ್ ಪ್ರಸಂಗ ನಿಮಗೆಲ್ಲ ನೆನಪಿದೆ. 2020ರ ಏಪ್ರಿಲ್, ಲಾಕ್‌ಡೌನ್. ಆರ್ಥಿಕತೆ ನಿಂತುಹೋಗಿದೆ, ಹೆಲಿಕಾಪ್ಟರ್ ಮನಿ ಕೊಡಿ ಅಂತ ತೆಲಂಗಾಣದ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಪ್ರಧಾನಿಯನ್ನು ಕೇಳಿದರು. ಅದು ಅರ್ಥಶಾಸ್ತ್ರದ ಒಂದು ಮಾತು. ಮಿಲ್ಟನ್ ಫ್ರೀಡ್‌ಮನ್ 1969ರಲ್ಲಿ ಕೊಟ್ಟ ಉದಾಹರಣೆ. ಹೆಲಿಕಾಪ್ಟರ್ ಒಂದು ಊರ ಮೇಲೆ ನೋಟು ಸುರಿದರೆ ಬೆಲೆಗಳ ಗತಿ ಏನಾಗ್ತದೆ ಅಂತ ಒಂದು ಕಲ್ಪನೆ. ನಿಜಕ್ಕೂ ಅದರರ್ಥ, ಕೇಂದ್ರ ಬ್ಯಾಂಕು ಹೊಸ ದುಡ್ಡು ಹುಟ್ಟಿಸಿ ವಾಪಸ್ ಕೇಳದೆ ಜನರಿಗೋ ಸರ್ಕಾರಕ್ಕೋ ಕೊಡೋದು. ಪಬ್ಲಿಕ್ ಟಿವಿಯ ಕಾರ್ಯಕ್ರಮದಲ್ಲಿ ಈ ಹೆಲಿಕಾಪ್ಟರ್ ನಿಜವಾಗಿಯೂ ರೆಕ್ಕೆ ತಿರುಗಿಸಿತು. ಮೋದಿ ಆಕಾಶದಿಂದ ದುಡ್ಡು ಸುರೀತಾರಾ ಅನ್ನೋ ಧಾಟಿ. ಕೇಂದ್ರ ಸರ್ಕಾರದ ಪಿಐಬಿ ಇದು ಸುಳ್ಳು ಅಂತ ಸಾರಿತು. ಚಾನೆಲ್‌ಗೆ ನೋಟಿಸ್ ಹೋಯಿತು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಟ್ರೋಲ್ ಪೇಜುಗಳಿಗೆ ಹಬ್ಬ. ಛತ್ರಿ ತಲೆಕೆಳಗು ಹಿಡಿದು ನಿಂತವರ ಚಿತ್ರ ನನ್ನ ಫೋನಿಗೇ ಹದಿನೈದು ಸಲ ಬಂತು. ನಕ್ಕಿದ್ದರಲ್ಲಿ ತಪ್ಪಿಲ್ಲ, ಆ ದಿನಗಳಲ್ಲಿ ನಗೋಕೆ ಬೇರೆ ಏನಿತ್ತು? ಆದರೆ ನಕ್ಕು ನಾವು ವಿಷಯ ಮುಗಿಸಿಬಿಟ್ಟೆವು ಅನ್ನೋದು ನನ್ನ ಆಕ್ಷೇಪ. ಕೆಲಸ ಕಳಕೊಂಡು, ರೇಷನ್ ಅಕ್ಕಿ ಮೇಲೆ ದಿನ ನೂಕುತ್ತಿದ್ದ ಮನೆಗಳಲ್ಲಿ ದುಡ್ಡು ಬರ್ತದೆ ಅನ್ನೋ ಮಾತು ಜೋಕಾಗಿ ಕೇಳಿಸೋದಿಲ್ಲ. ಒಂದು ಪದದ ಅರ್ಥ ನೋಡದೆ ಗಂಟೆಗಟ್ಟಲೆ ಕಾರ್ಯಕ್ರಮ ಆಗೋದು ಹೇಗೆ? ಆ ಸ್ಕ್ರಿಪ್ಟ್ ಎಷ್ಟು ಕೈ ದಾಟಿ ಬಂತು? ಅಷ್ಟು ಕೈಗಳಲ್ಲಿ ಒಂದಾದರೂ ಯಾಕೆ ತಡೀಲಿಲ್ಲ? ಇದನ್ನು ಸಂಪಾದಕರನ್ನು ಕೇಳಬೇಕಿತ್ತು. ಆ ರಾತ್ರಿ ಕುರ್ಚಿಯಲ್ಲಿ ಯಾರು ಕೂತಿದ್ದರು ಅನ್ನೋದು ಮುಖ್ಯ ಅಲ್ಲ. ಚಾನೆಲ್‌ನ ಮುಖ ಯಾರೋ ಜವಾಬ್ದಾರಿ ಅವರದೇ. ಪತ್ರಿಕೆ ದಿನಗಳಿಂದ ಅವರಿಗೇ ಚೆನ್ನಾಗಿ ಗೊತ್ತಿರೋ ನಿಯಮ ಅದು.

ಅದೇ ತಿಂಗಳು ಇನ್ನೊಂದು ಸುದ್ದಿಯೂ ಓಡುತ್ತಿತ್ತು. ಅದಕ್ಕೆ ಯಾರೂ ನಗಲಿಲ್ಲ. ದೆಹಲಿಯ ತಬ್ಲಿಘಿ ಜಮಾತ್ ಸಭೆಯಿಂದ ಸೋಂಕು ಹರಡಿತು ಅಂತ ಶುರುವಾದದ್ದು ಎರಡೇ ದಿನದಲ್ಲಿ ಬೇರೆಯೇ ರೂಪ ತಗೊಂಡಿತು. ಹಲವು ಚಾನೆಲ್‌ಗಳಲ್ಲಿ ರೋಗಕ್ಕೆ ಒಂದು ಧರ್ಮ ಬಂತು. ನಮ್ಮದು ಹಿಂದೂ ಮುಸ್ಲಿಮರು ಪಕ್ಕಪಕ್ಕ ಅಂಗಡಿ ಇಟ್ಕೊಂಡಿರೋ ಊರು. ಜಗಳ ಆದದ್ದೂ ಉಂಟು, ಆಮೇಲೆ ಅದೇ ಅಂಗಡಿಯಲ್ಲಿ ಸಾಲ ಬರೆಸಿದ್ದೂ ಉಂಟು. ನಮ್ಮ ಬೀದಿಗೆ ದಿನಾ ಬೆಳಗ್ಗೆ ಬಾಳೆಹಣ್ಣು, ಕಲ್ಲಂಗಡಿ ತಳ್ಳುಗಾಡಿ ತರೋ ಭಾಯ್ ಒಬ್ಬರಿದಾರೆ. ಇಪ್ಪತ್ತು ವರ್ಷದ ಗುರುತು. ಆ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಡಿಲ ಇದ್ದ ಹೊತ್ತಲ್ಲಿ ಅವರು ಬರ್ತಿದ್ದರು, ಬಾಗಿಲುಗಳು ತೆರೀತಿರಲಿಲ್ಲ.

ಬೇರೆಯವರ ಮೇಲೆ ಹಾಕಿ ಬರೆಯೋದು ಸುಲಭ. ನಮ್ಮನೆ ಬಾಗಿಲೂ ತೆರೀಲಿಲ್ಲ. "ಸ್ವಲ್ಪ ದಿನ ಬ್ಯಾಡ, ಆಮೇಲೆ ನೋಡೋಣ" ಅಂದದ್ದು ಅವ್ವ ಅಲ್ಲ, ನಾನು. ಯಾವುದೋ ಒಂದು ಚಾನೆಲ್‌ನ ಯಾವುದೋ ವಿಡಿಯೋ ನೋಡಿದ್ದೆ. ಪೇಪರ್ ಹಾಕಿದ ಹುಡುಗ, ಬ್ಲಾಗ್ ಬರೆಯೋನು, ನಾಲ್ಕು ಜನಕ್ಕೆ ಬುದ್ಧಿ ಹೇಳೋನು ನಾನು. ಕಿಟಕಿಯಿಂದ ನೋಡ್ತಾ ನಿಂತಿದ್ದೆ. ಅವರು ಎರಡು ಸಲ ಕೂಗಿ ಮುಂದೆ ಹೋದರು. ಹದಿನಾರು ದಿನ. ನಾನು ಎಣಿಸಿದ್ದೀನಿ.

ಆಮೇಲೆ ಏನಾಯಿತು ನೋಡಿ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಜಮಾತಿಗೆ ಬಂದಿದ್ದ ವಿದೇಶಿಯರ ಮೇಲಿನ ಎಫ್ಐಆರ್‌ಗಳನ್ನು ರದ್ದು ಮಾಡಿತು. ಅವರನ್ನು ಬಲಿಪಶು ಮಾಡಲಾಯಿತು ಅನ್ನೋ ಅರ್ಥದ ಮಾತು ಹೇಳಿತು, ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. ಕನ್ನಡ ಚಾನೆಲ್‌ಗಳ ಪ್ರಸಾರದ ಮೇಲೆ ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್ ಅನ್ನೋ ಬಳಗ ದೂರು ಕೊಟ್ಟಿತ್ತು. ಚಾನೆಲ್‌ಗಳೇ ಸೇರಿ ಮಾಡ್ಕೊಂಡಿರೋ ಎನ್‌ಬಿಎಸ್ಎ ಅನ್ನೋ ಸಂಸ್ಥೆ 2021ರ ಜೂನ್‌ನಲ್ಲಿ ಆದೇಶ ಕೊಟ್ಟಿತು. ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ, ಜೊತೆಗೆ ಕ್ಷಮೆ ಪ್ರಸಾರ ಮಾಡಬೇಕು ಅಂತ ಸೂಚನೆ. ಸುವರ್ಣ ನ್ಯೂಸ್‌ಗೆ 50 ಸಾವಿರ ದಂಡ. ಟೈಮ್ಸ್ ನೌಗೆ ಛೀಮಾರಿ. ಈ ಆದೇಶದಲ್ಲಿ ದಂಡ ಬಿದ್ದದ್ದು ಪಬ್ಲಿಕ್ ಟಿವಿಗಲ್ಲ, ಅದನ್ನು ಸ್ಪಷ್ಟವಾಗಿ ಹೇಳ್ತೀನಿ. ಆದರೆ ತಿದ್ದುಪಡಿ ಇಲ್ಲದ ಈ ಮನೆಯಲ್ಲಿ ಎಲ್ಲ ಚಾನೆಲ್‌ಗಳೂ ಬಾಡಿಗೆದಾರರೇ.

ತಪ್ಪಾದದ್ದು ಏಪ್ರಿಲ್ 2020, ತೀರ್ಪು ಬಂದದ್ದು ಜೂನ್ 2021. ಹದಿನಾಲ್ಕು ತಿಂಗಳು. ಆ ಆದೇಶದ ಬಗ್ಗೆ ಶಿರಾಳಕೊಪ್ಪದಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ನಾನು ಅಂಗಡಿಗೆ ಬಂದೋರನ್ನು ಸುಮ್ಮನೆ ಕೇಳ್ತಾ ಬಂದೆ. ಮೇಷ್ಟ್ರು, ವಕೀಲರು, ಪಂಚಾಯಿತಿ ಸದಸ್ಯರು. ಒಬ್ಬರೂ ಹೌದು ಅನ್ನಲಿಲ್ಲ. ಅದೇ ತಬ್ಲಿಘಿ ಅನ್ನೋ ಪದ ಮಾತ್ರ ಎಲ್ಲರಿಗೂ ಗೊತ್ತಿತ್ತು. ಆರೋಪ ಊರಿಗೆಲ್ಲ ಮೈಕಲ್ಲಿ ಕೇಳ್ತದೆ, ತಿದ್ದುಪಡಿ ರಿಜಿಸ್ಟರ್ ಪೋಸ್ಟಲ್ಲಿ ಬರ್ತದೆ.

2024ರ ಫೆಬ್ರುವರಿಯಲ್ಲಿ ನಮ್ಮೂರಿಗೇ ಇದರ ಒಂದು ಸಣ್ಣ ಅನುಭವ ಆಯಿತು. ಭಾನುವಾರ, ಪೇಟೆಯಲ್ಲಿ ಬ್ಯಾಗೊಂದು ಸಿಡಿದು ಬೀದಿ ವ್ಯಾಪಾರಿಯೊಬ್ಬರಿಗೆ ಗಾಯ ಆಯಿತು. ಅದು ಕಾಡುಹಂದಿ ಹೊಡೆಯೋಕೆ ಬಳಸೋ ಸಿಡಿಮದ್ದು ಅಂತ ಪೊಲೀಸರು ಹೇಳಿದರು. ಹೊಲಕ್ಕೆ ಹಂದಿ ಕಾಟ ಇರೋ ನಮ್ಮ ಕಡೆಯೋರಿಗೆ ಅದೇನೂ ಹೊಸದಲ್ಲ, ಕಾನೂನಿಗೆ ತಪ್ಪು ಆದರೂ. ಆದರೆ ಬೆಂಗಳೂರಲ್ಲಿರೋ ನಮ್ಮ ಭಾವ ಫೋನ್ ಮಾಡಿ "ಏನೋ, ನಿಮ್ಮೂರಲ್ಲಿ ಬ್ಲಾಸ್ಟ್ ಅಂತೆ, ಯಾರು ಇಟ್ಟಿದ್ದು?" ಅಂದರು. ಯಾರು ಅನ್ನೋ ಶಬ್ದದ ಮೇಲೆ ಅವರು ಹಾಕಿದ ಒತ್ತು ನನಗೆ ಕೇಳಿಸಿತು. ಹಂದಿ ಅಂತ ಹೇಳಿದೆ. ಅವರಿಗೆ ಸ್ವಲ್ಪ ನಿರಾಸೆ ಆದ ಹಾಗಿತ್ತು. ಬ್ಲಾಸ್ಟ್ ಬೆಂಗಳೂರು ಮುಟ್ಟಿತು, ಹಂದಿ ಮುಟ್ಟಲಿಲ್ಲ.

ಹಾಗಾದ್ರೆ ಇದಕ್ಕೆ ಮದ್ದೇನು, ಪೊಲೀಸಾ? ಅದನ್ನೂ ನೋಡಿದ್ದಾಯ್ತು. 2020ರ ಸೆಪ್ಟೆಂಬರ್‌ನಲ್ಲಿ ಪವರ್ ಟಿವಿ, ಆಗ ಮುಖ್ಯಮಂತ್ರಿಯಾಗಿದ್ದ ನಮ್ಮ ಯಡಿಯೂರಪ್ಪನೋರ ಕುಟುಂಬದ ಮೇಲೆ ಲಂಚದ ಆರೋಪದ ಸುದ್ದಿಗಳನ್ನು ಪ್ರಸಾರ ಮಾಡಿತು. ಆರೋಪಗಳನ್ನು ಅವರು ಅಲ್ಲಗಳೆದರು. ಸಿಸಿಬಿ ಪೊಲೀಸರು ಚಾನೆಲ್ ಮೇಲೆ ದಾಳಿ ಮಾಡಿ ಸರ್ವರ್ ಹೊತ್ತುಕೊಂಡು ಹೋದರು, ಪ್ರಸಾರ ನಿಂತಿತು. ನಮ್ಮ ತಾಲೂಕಲ್ಲಿ ಬಹಳ ಜನ ಸರಿಯಾಯ್ತು ಅಂದರು. 2024ರಲ್ಲಿ ಸರ್ಕಾರ ಬದಲಾಗಿತ್ತು. ಅದೇ ಚಾನೆಲ್ ಮತ್ತೆ ಲೈಸೆನ್ಸ್ ವಿಷಯಕ್ಕೆ ಕೋರ್ಟಿನ ತಡೆ ಎದುರಿಸಿತು. ಆ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ನಿಲ್ಲಿಸಿತು, ಇದು ರಾಜಕೀಯ ದ್ವೇಷದ ಹಾಗೆ ಕಾಣ್ತದೆ ಅಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಸುವರ್ಣ ನ್ಯೂಸ್‌ನ ಅಜಿತ್ ಹನಮಕ್ಕನವರ್ ಮೇಲೂ ಎಫ್ಐಆರ್ ಆಯಿತು. ಜನಸಂಖ್ಯೆ ಕುರಿತ ಕಾರ್ಯಕ್ರಮದಲ್ಲಿ ಹಿಂದೂಗಳ ಲೆಕ್ಕಕ್ಕೆ ಭಾರತದ ಬಾವುಟ, ಮುಸ್ಲಿಮರ ಲೆಕ್ಕಕ್ಕೆ ಪಾಕಿಸ್ತಾನದ ಬಾವುಟ ತೋರಿಸಿದ್ದು ಕಾರಣ. ಆ ಚಿತ್ರ ನೋಡಿದಾಗ ನನಗೆ ಹಣ್ಣಿನ ಭಾಯ್ ನೆನಪಾದರು. ಅದು ಭಾರಿ ತಪ್ಪು. ಆದರೂ ಅವರನ್ನು ಒಳಗೆ ಹಾಕಿ ಅಂತ ಕೂಗೋರ ಜೊತೆ ನನ್ನ ದನಿ ಸೇರಿಸಲಾರೆ. ಇವತ್ತು ನಮಗೆ ಬೇಡದವನ ಬಾಗಿಲು ಬಡಿಯೋ ಪೊಲೀಸು ನಾಳೆ ಬೇಕಾದವನ ಬಾಗಿಲಿಗೂ ಬರ್ತಾನೆ.

ಒಂದು ಕಡೆ ಲಾಠಿ, ಇನ್ನೊಂದು ಕಡೆ ಟ್ರೋಲು. ನಡುವೆ ಇರಬೇಕಾದ್ದು ಆ ನಾಲ್ಕು ಸಾಲು. ಅದನ್ನು ಶುರು ಮಾಡೋಕೆ ಯಾವ ಕಾಯ್ದೆಯೂ ಬೇಕಿಲ್ಲ. ಒಂಬತ್ತು ಗಂಟೆಗೆ ಕೂತು ಮಾತಾಡೋ ಮನುಷ್ಯ ಮನಸ್ಸು ಮಾಡಿದರೆ ಸಾಕು.

ಅದಕ್ಕೇ ರಂಗನಾಥ್ ಅವರನ್ನೇ ಕೇಳ್ತಿದ್ದೀನಿ, ಬೇರೆಯವರನ್ನಲ್ಲ. ಅವರಿಗೆ ಪತ್ರಿಕೆಯ ಶಿಸ್ತು ಗೊತ್ತು. ಮಾಲೀಕರ ಒಪ್ಪಿಗೆ ಕಾಯಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ತಪ್ಪು ಅಂದ್ರೆ ಜನ ತಪ್ಪು ಅಂತ ನಂಬ್ತಾರೆ. ಬಿಗ್ ಬುಲೆಟಿನ್ ಶುರುವಾಗೋ ಮೊದಲು ಒಂದು ನಿಮಿಷ. ನಿನ್ನೆ ನಾವು ಹೀಗೆ ಹೇಳಿದ್ವಿ, ಅದು ತಪ್ಪು, ಸರಿ ಇದು. ಅಷ್ಟೇ ಸಾಕು. ಟಿಆರ್‌ಪಿ ಬಿದ್ದುಹೋಗ್ತದೆ ಅನ್ನೋ ವಾದ ನನಗೆ ಗೊತ್ತು. ಉಳಿದ ಚಾನೆಲ್‌ನೋರು ಅದನ್ನೇ ಕತ್ತರಿಸಿ ಹಾಕಿ ಆಡ್ಕೋತಾರೆ ಅನ್ನೋದೂ ನಿಜ. ಆದರೆ ನಮ್ಮವ್ವ ಚಾನೆಲ್ ಬದಲಾಯಿಸ್ತಾಳೆ ಅಂತ ನನಗನಿಸಲ್ಲ. ತಪ್ಪು ಒಪ್ಕೊಂಡ ಮಗನ ಮೇಲೆ ಅವ್ವಂದಿರು ಮುನಿಸಿಕೊಂಡಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ಒಂದು ಮಾತು. ಹೋದ ವರ್ಷ ಹಣ್ಣಿನ ಭಾಯ್ ಆಧಾರ್ ಜೆರಾಕ್ಸ್ ಮಾಡಿಸೋಕೆ ಅಂಗಡಿಗೆ ಬಂದಿದ್ದರು. ಆ ಹದಿನಾರು ದಿನದ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ. ಅವತ್ತು ಏನನ್ನಿಸಿತೋ, ಫೋನಲ್ಲಿ ಎನ್‌ಬಿಎಸ್ಎ ಆದೇಶದ ಸುದ್ದಿ ತೆಗೆದು ತೋರಿಸಿದೆ. ಇಂಗ್ಲಿಷಲ್ಲಿತ್ತು. ನಾನೇ ನಾಲ್ಕು ಸಾಲು ಕನ್ನಡಕ್ಕೆ ಮಾಡಿ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಲ್ಯಾಮಿನೇಶನ್ ಮಾಡಿಕೊಡ್ಲಾ ಅಂತಾನೂ ಕೇಳಿದೆ, ಆ ಹಳೇ ಯಜಮಾನರು ತಲೆಯಲ್ಲಿದ್ದರು.

ಭಾಯ್ ಕಾಗದ ಎರಡು ಸಲ ಓದಿದರು. ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು.

"ಇದನ್ನ ತಗೊಂಡು ಯಾರಿಗೆ ತೋರಿಸ್ಲಿ ಅಣ್ಣ? ಒಂದೊಂದು ಮನೆ ಬಾಗಿಲು ಬಡೀಲಾ?"

ಜೆರಾಕ್ಸಿನ ಎರಡು ರೂಪಾಯಿ ಬೇಡ ಅಂದೆ. ಟೇಬಲ್ ಮೇಲೆ ಇಟ್ಟು ಹೋದರು. ಆ ಕಾಗದ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ.